ಅಂದದ್ದು, ಆದದ್ದು, ತಡ

ನಮ್ಮ ಅಕ್ಕನ ಮಗಳಿಗೂ ಕನ್ನಡದ ಭೂತಕಾಲಕ್ಕೂ ಹುಟ್ಟಾ ವೈರ. ಹೀಗೆಂದರೆ ನೀವು ನಗುತ್ತೀರಿ. ಕೆಲವರಿಗೆ ಹಲ್ಲಿ ಕಂಡರೆ ಆಗುವುದಿಲ್ಲ, ಕೆಲವರಿಗೆ ಹಾಗಲಕಾಯಿ. ಇವಳಿಗೆ ಭೂತಕಾಲ! ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡ ಪಾಠ ಮಾಡುತ್ತಿರುವವನು. ವ್ಯಾಕರಣದ ಪಿರಿಯಡ್ ಎಂದರೆ ಕಿಟಕಿಯಿಂದ ಹಾರುವವರನ್ನು ನೋಡಿದ್ದೇನೆ, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವವರನ್ನು ನೋಡಿದ್ದೇನೆ. ಆದರೆ ಒಂದು ಕ್ರಿಯಾಪದದ ಮೇಲೆ ಹೀಗೆ ಹಗೆ ಸಾಧಿಸುವವರನ್ನು ನೋಡಿದ್ದು ಇವಳೊಬ್ಬಳನ್ನೇ.

ತಪ್ಪು ಅವಳದಲ್ಲ, ನಮ್ಮದು. ನಮ್ಮ ಬಾಗಲಕೋಟೆ ಕಡೆ ಫೋನಿನಲ್ಲಿ ಯಾರಾದರೂ ‘ಬಂದ್ನಿ’ ಅಂದರೆ ಅವರು ಇನ್ನೂ ಎದ್ದಿಲ್ಲ ಎಂದು ತಿಳಿಯಬೇಕು. ‘ಹೊಂಟ್ನಿ’ ಅಂದರೆ ಸ್ನಾನಕ್ಕೆ ನೀರು ಕಾಯುತ್ತಿದೆ. ‘ಮುಟ್ಟಿದ್ನಿ’ ಅಂದರೆ ಈಗ ಹೊರಟಿರಬಹುದು. ‘ಆತು, ಮುಗೀತು’ ಅಂದರೆ ನಾಳೆ ನೆನಪು ಮಾಡಿ. ವ್ಯಾಕರಣದ ಪುಸ್ತಕದಲ್ಲಿ ಇವೆಲ್ಲ ಭೂತಕಾಲ, ನಮ್ಮ ಜಿಲ್ಲೆಯಲ್ಲಿ ಭವಿಷ್ಯತ್ಕಾಲ. ಹಾಗಂತ ನಾವು ಸುಳ್ಳು ಹೇಳುವ ಮಂದಿ ಎಂದು ತಿಳಿಯಬೇಡಿ. ಮನಸ್ಸು ಆಗಲೇ ಹೋಗಿ ಮುಟ್ಟಿರುತ್ತದೆ. ಹಿಂದೆ ಉಳಿದಿರುವುದು ಮೈ ಮಾತ್ರ.

ಈ ಸತ್ಯ ಇಲಕಲ್ಲಿನಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ತಿಳಿಯುತ್ತದೆ, ನಮ್ಮ ಅಕ್ಕನ ಮಗಳೊಬ್ಬಳಿಗೆ ತಿಳಿಯಲಿಲ್ಲ. ಅದೂ ಎಂಥ ಮನೆಯಲ್ಲಿ ಹುಟ್ಟಿದಳು ನೋಡಿ! ಅವಳಪ್ಪ, ಅಂದರೆ ನಮ್ಮ ಭಾವ, ಇಲಕಲ್ಲಿನಿಂದ ಬಾಗಲಕೋಟೆಗೆ ಕ್ರೂಸರ್ ಜೀಪು ಓಡಿಸುವವನು. ಸ್ಟ್ಯಾಂಡಿನಲ್ಲಿ ಜೀಪಿನ ಬಾಗಿಲಿಗೆ ಆತು ನಿಂತು ‘ಹೊಂಟಿತ್ರೀ ಹುನಗುಂದ, ಕಮತಗಿ, ಬಾಗಲಕೋಟಿ! ಹೊಂಟಿತು, ಹೊಂಟಿತು!’ ಎಂದು ಕೂಗುವುದೇ ಅವನ ಉದ್ಯೋಗ. ಓಡಿಸುವುದು ಆಮೇಲಿನದು. ಹದಿಮೂರು ಮಂದಿ ತುಂಬುವವರೆಗೆ ಅದು ಹೊಂಟಿತು, ಹೊಂಟಿತು, ಹೊಂಟೇ ಹೊಂಟಿತು! ಚಕ್ರ ಮಾತ್ರ ಉರುಳುವುದಿಲ್ಲ. ನಂಬಿ ಓಡಿ ಬಂದು ಹತ್ತಿದವರು ಒಳಗೆ ಕೂತು ಇಡೀ ಪೇಪರ್ ಓದಿ, ಪಕ್ಕದವರ ಬೀಗರ ಸಮಾಚಾರವನ್ನೆಲ್ಲ ತಿಳಿದುಕೊಂಡು, ಒಂದು ಸುತ್ತು ತೂಕಡಿಸಿ ಏಳುತ್ತಿದ್ದರು.

ಹುಡುಗಿ ಹುನಗುಂದದ ಶಾಲೆಗೆ ಹೋಗುತ್ತಿದ್ದದ್ದು ಇದೇ ಜೀಪಿನಲ್ಲಿ. ಅಪ್ಪನದೇ ಗಾಡಿ, ಮುಂದಿನ ಸೀಟು, ಯಾರಿಗುಂಟು ಯಾರಿಗಿಲ್ಲ! ಆದರೆ ದಿನಾಲು ಪ್ರಾರ್ಥನೆ ಮುಗಿದ ಮೇಲೆ ಮುಟ್ಟುತ್ತಿದ್ದಳು. ದಿನಾಲು ಹೊರಗೆ ನಿಲ್ಲುತ್ತಿದ್ದಳು. ಬೇರೆ ಮಕ್ಕಳಾಗಿದ್ದರೆ ಅಳುತ್ತಿದ್ದವು, ಇಲ್ಲವೆ ರೂಢಿ ಮಾಡಿಕೊಳ್ಳುತ್ತಿದ್ದವು. ಇವಳು ಒಂದು ನೋಟ್‌ಬುಕ್ ತೆಗೆದುಕೊಂಡು ಗೆರೆ ಎಳೆದು ಮೂರು ಕಾಲಂ ಮಾಡಿದಳು. ಅಂದದ್ದು, ಆದದ್ದು, ತಡ. ‘ಹೊಂಟಿತು ಅಂದದ್ದು: ಎಂಟು ಹತ್ತು. ಹೊಂಟದ್ದು: ಎಂಟು ಐವತ್ತೈದು. ತಡ: ನಲವತ್ತೈದು ನಿಮಿಷ.’ ಒಂಬತ್ತು ವರ್ಷದ ಹುಡುಗಿ!

ಭಾವ ಅದನ್ನು ಸ್ಟ್ಯಾಂಡಿನ ತುಂಬ ತೋರಿಸಿಕೊಂಡು ಬಂದ. “ನೋಡ್ರಿ, ನನ್ನ ಮಗಳು ನನ್ನ ಚರಿತ್ರಾ ಬರ್ಯಾಕತ್ತಾಳ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಏಳನೆಯ ಇಯತ್ತೆಯಲ್ಲಿ ಒಂದು ದಿನ ಅವನು ನಗಲಿಲ್ಲ. ಅವತ್ತು ಬಾಗಲಕೋಟೆಯಲ್ಲಿ ಗಣಿತದ ಸ್ಪರ್ಧೆ ಇತ್ತು. ಜೀಪಿಗೆ ಇನ್ನೊಂದೇ ಸೀಟು, ಅಂದರೆ ಇನ್ನೊಬ್ಬ ಪ್ರಯಾಣಿಕ, ಬರಬೇಕಾಗಿತ್ತು. ಅದು ಬಂತು. ಆದರೆ ಇವರು ಹೋಗಿ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿದ್ದರು. ಹುಡುಗಿ ತಿರುಗಿ ಬಂದು ನೋಟ್‌ಬುಕ್ಕಿನಲ್ಲಿ ಆ ಸಾಲು ಬರೆದು ಸುತ್ತ ಕೆಂಪು ಗೆರೆ ಎಳೆದಳು. ಭಾವ ಅದನ್ನು ಯಾರಿಗೂ ತೋರಿಸಲಿಲ್ಲ.

ಇಂಥವಳು ಎಂಜಿನಿಯರಿಂಗ್ ಓದಲು ಬಾಗಲಕೋಟೆಯ ವಿದ್ಯಾಗಿರಿಗೆ ಬಂದು ನಮ್ಮ ಮನೆಯ ಮೇಲಿನ ಖೋಲಿ ಸೇರಿದಳು. ಬಂದ ಒಂದು ವಾರದಲ್ಲಿ ನಮ್ಮ ಮನೆಯ ಐದೂ ಗಡಿಯಾರ ಒಂದೇ ಹೊತ್ತು ತೋರಿಸತೊಡಗಿದವು. ಅಲ್ಲಿಯವರೆಗೆ ನಮಗೆ ಒಂದು ಅನುಕೂಲ ಇತ್ತು. ಕಾಲೇಜಿಗೆ ತಡವಾದರೆ ನಾನು ಅಡುಗೆಮನೆಯ ಗಡಿಯಾರ ನೋಡುತ್ತಿದ್ದೆ, ಅದು ಹದಿನೈದು ನಿಮಿಷ ಹಿಂದೆ. ಊಟಕ್ಕೆ ಅವಸರವಾದರೆ ಪಡಸಾಲೆಯದು, ಅದು ಇಪ್ಪತ್ತು ನಿಮಿಷ ಮುಂದೆ. ಮನುಷ್ಯನಿಗೆ ತನಗೆ ಬೇಕಾದ ಹೊತ್ತು ಆರಿಸಿಕೊಳ್ಳುವ ಸ್ವಾತಂತ್ರ್ಯವಾದರೂ ಬೇಡವೆ? ಅದೂ ಹೋಯಿತು. ನನ್ನ ಹೆಸರಿನಲ್ಲಿ ಒಂದು ಹೊಸ ಪುಟವೂ ಶುರುವಾಯಿತು. ‘ಮಾಮಾ: ಊಟಕ್ಕ ಬಂದ್ನಿ ಅಂದದ್ದು...’

ಬಾದಾಮಿಯ ಮದುವೆಯ ಕಥೆ ಹೇಳದಿದ್ದರೆ ಇವಳ ಪರಿಚಯ ಪೂರ್ತಿಯಾಗುವುದಿಲ್ಲ. ಅಲ್ಲಿ ನಮ್ಮ ಕಾಕಾನ ಮಗಳ ಲಗ್ನ. ಪತ್ರಿಕೆಯಲ್ಲಿ ಮುಹೂರ್ತ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಎಂದು ಅಚ್ಚಾಗಿತ್ತು. ನಲವತ್ತೆರಡು ಎಂದು ಯಾಕೆ ಹಾಕಿಸುತ್ತಾರೋ, ಹಾಕಿಸಿದವರಿಗೇ ಗೊತ್ತಿಲ್ಲ. ಇವಳು ಅದನ್ನು ನಂಬಿದಳು. ಹನ್ನೊಂದು ನಲವತ್ತಕ್ಕೆ ಮದುಮಗ ಇನ್ನೂ ದಾರಿಯಲ್ಲಿ ಕೆರೂರಿನ ಹತ್ತಿರ ಇದ್ದ. ‘ಮುಟ್ಟಿದ್ವಿ’ ಎಂದು ಫೋನ್ ಬಂದಿತ್ತು. ಮದುಮಗಳು ಒಬ್ಬಳೇ ಕೂತು ಆಕಳಿಸುತ್ತಿದ್ದಳು. ನಲವತ್ತೆರಡು ಆಯಿತೋ ಇಲ್ಲವೋ, ಇವಳ ಫೋನು ಅಲಾರಾಂ ಹೊಡೆಯಿತು. ಹುಡುಗಿ ನೇರ ಹೋಗಿ ಮುಷ್ಟಿ ತುಂಬ ಅಕ್ಕಿಕಾಳನ್ನು ಮದುಮಗಳ ತಲೆಯ ಮೇಲೆ ಹಾಕಿ, ಕೈ ಮುಗಿದು, ಊಟದ ಪಂಕ್ತಿಯ ಕಡೆ ನಡೆದಳು!

ನಮ್ಮ ಕಾಕಾ ಕೋಲು ಊರಿಕೊಂಡು ಎದ್ದು ನಿಂತ. “ಯವ್ವಾ, ಯಾರ ಜೋಡಿ ಲಗ್ನಾ ಮಾಡಿದ್ಯ ಇಕೀದು?”

“ಮುಹೂರ್ತದ ಜೋಡಿ, ಮುತ್ಯಾ. ಅದೊಂದ ಹೊತ್ತಿಗೆ ಬಂದಿತ್ತು.”

ಇಷ್ಟಾದ ಮೇಲೆ ಇವಳು ಮೂರನೆಯ ವರ್ಷದಲ್ಲಿ ‘ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್’ ಎಂಬುದರ ಹಿಂದೆ ಬಿದ್ದಳು ಎಂದರೆ ಆಶ್ಚರ್ಯವೇನು? ಹಾಗೆಂದರೇನು ಎಂದು ಕೇಳಿದೆ. ಅವಳು ನನ್ನನ್ನೂ ನನ್ನ ಹೆಂಡತಿಯನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿ ಪಾಠ ಶುರುಮಾಡಿದಳು.

“ನೋಡ್ರಿ ಮಾಮಾ, ಯಂತ್ರದಾಗ ಹತ್ತ ಕೆಲಸ ಒಮ್ಮೆಲೆ ಬರ್ತಾವು. ಯಾವುದು ಮೊದಲ, ಯಾವುದು ಆಮ್ಯಾಲೆ ಅಂತ ನೋಡ್ಕೊಳ್ಳೋ ಯಜಮಾನ್ತಿ ಆಪರೇಟಿಂಗ್ ಸಿಸ್ಟಮ್. ಈಗ ಒಲಿ ಮ್ಯಾಲೆ ಹಾಲು ಉಕ್ಕಾಕತ್ತೈತಿ ಅಂತ ತಿಳ್ಕೊಳ್ರಿ. ಬಾಗಲದಾಗ ಯಾರೋ ನಿಂತಾರ. ಫೋನ್ ಬಾರ್ಸಾಕತ್ತೈತಿ. ಅತ್ತಿ ಮೊದಲ ಏನ್ ಮಾಡ್ತಾರ?”

“ಫೋನ್ ಎತ್ತತಾಳ” ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಷ್ಟರಲ್ಲಿ ಖರೆಯಾಗಿಯೇ ಫೋನು ಬಂತು. ನನ್ನ ಹೆಂಡತಿಯ ತಂಗಿಯದು. ಹೆಂಡತಿ ಎತ್ತಿದಳು. ಖರೆಯಾಗಿಯೇ ಒಲೆಯ ಮೇಲಿದ್ದ ಹಾಲು ಉಕ್ಕಿ ಕಟ್ಟೆಯ ತುಂಬ ಹರಿಯಿತು.

“ಇದಕ್ಕ ನಾವು ಡೆಡ್‌ಲೈನ್ ಮಿಸ್ ಅಂತೇವಿ, ಅತ್ತಿ” ಎಂದಳು ಹುಡುಗಿ ಗಂಭೀರವಾಗಿ.

“ನಾವು ಸಾದಾ ಮಂದಿ ಇದಕ್ಕ ಒಲಿ ಒರಸೂದು ಅಂತೇವಿ. ಅರಿವಿ ತಗೊಂಡ್ ಬಾ” ಎಂದಳು ನನ್ನ ಹೆಂಡತಿ.

ಆದರೂ ವಿಷಯ ನನಗೆ ತಿಳಿಯಿತು. ಗಾಡಿಯ ಬ್ರೇಕು, ದವಾಖಾನೆಯ ಯಂತ್ರ ಇಂಥವುಗಳಲ್ಲಿ ಕೆಲಸ ಸರಿಯಾಗಿ ಆದರೆ ಸಾಲದು, ಹೊತ್ತಿಗೆ ಆಗಬೇಕು. “ಸರಿಯಾದ ಉತ್ತರಾನೂ ತಡಾ ಆತಂದ್ರ ತಪ್ಪು ಉತ್ತರ, ಮಾಮಾ” ಎಂದಳು. ಈ ನಿಯಮವನ್ನು ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗೆ ಹಚ್ಚಿದರೆ ನನಗೆ ತಿದ್ದುವ ಕೆಲಸವೇ ಉಳಿಯುವುದಿಲ್ಲ.

ಇಂಥ ಸಿಸ್ಟಮ್‌ಗಳಲ್ಲಿ ಕೆಲವನ್ನು ಎಲ್ಲರಿಗೂ ತೆರೆದಿಟ್ಟಿರುತ್ತಾರಂತೆ. ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ದೇಶದೇಶದ ಮಂದಿ ಕೂಡಿ ನಡೆಸುವ ಪ್ರಾಜೆಕ್ಟು. ಹೊಸಬರು ಯಾವುದಾದರೂ ಒಂದನ್ನು ಹಿಡಿದು ಕಲಿಯಬೇಕು. ಇವಳ ಮುಂದೆ ನಾಲ್ಕು ಇದ್ದವು. ನಾಲ್ಕರಲ್ಲಿ ಒಂದು. ನನ್ನ ಹೆಂಡತಿಗೆ ಹುರುಪು ಬಂತು. ನಮ್ಮ ಮನೆಯಲ್ಲಿ ಇಂಥ ಮಾತುಕತೆಗೆ ಒಂದೇ ಪದ್ಧತಿ ಗೊತ್ತು.

“ಮನಿತನ ಹೆಂಗದಾವು?” ಎಂದು ಕೇಳಿದಳು.

“ಮೊದಲನೇದು ಭಾಳ ದೊಡ್ಡದು, ಅತ್ತಿ. ಸಾವಿರಗಟ್ಟಲೆ ಮಂದಿ ಅದಾರ.”

“ಬ್ಯಾಡವ್ವಾ. ಅಷ್ಟ ಮಂದಿ ಇದ್ದ ಮನ್ಯಾಗ ಹೊಸಾಕಿನ ಯಾರ್ ಮಾತಾಡಸ್ತಾರ?”

ಹುಡುಗಿ ತನ್ನದೇ ಪರೀಕ್ಷೆ ಇಟ್ಟಳು. ನಾಲ್ಕೂ ಕಡೆ ಒಂದೇ ಪ್ರಶ್ನೆ ಬರೆದು ಕಳಿಸಿದಳು. ಅದೂ ಬೇಕೆಂತಲೇ ದಡ್ಡ ಪ್ರಶ್ನೆ. ಹೊಸಬರ ದಡ್ಡ ಪ್ರಶ್ನೆಗೆ ಹೇಗೆ ಉತ್ತರ ಕೊಡುತ್ತಾರೆ ಎಂಬುದರ ಮೇಲೆ ಮನೆ ತಿಳಿಯುತ್ತದಂತೆ. ನೋಟ್‌ಬುಕ್ಕಿನಲ್ಲಿ ಗೆರೆ ಬಿದ್ದವು. ದೊಡ್ಡ ಮನೆಯಿಂದ ಒಂದೇ ಸೆಕೆಂಡಿನಲ್ಲಿ ಉತ್ತರ ಬಂತು. ಬರೆದದ್ದು ಮನುಷ್ಯರಲ್ಲ, ಯಂತ್ರ. ಮೊದಲು ಈ ಫಾರ್ಮ್ ತುಂಬಿ ಎಂದಿತ್ತು. ಎರಡನೆಯವರು ಇಪ್ಪತ್ತು ನಿಮಿಷದಲ್ಲಿ ಬರೆದರು: ಓದಿಕೊಂಡು ಬಂದು ಕೇಳು. ಮೂರನೆಯ ಕಡೆಯಿಂದ ಉತ್ತರವೇ ಇಲ್ಲ. “ಅವ್ರೂ ನಮ್ಮ ಕಡ್ಯಾವ್ರ ಇರಬೇಕು, ಬಂದ್ನಿ ಅಂದಿರಬೇಕು” ಎಂದೆ. ಯಾರೂ ನಗಲಿಲ್ಲ. ನಾಲ್ಕನೆಯದು ಸಣ್ಣ ಪ್ರಾಜೆಕ್ಟು. ಹತ್ತೊಂಬತ್ತು ತಾಸು ಕಳೆದ ಮೇಲೆ ಅಲ್ಲಿಂದ ಒಬ್ಬ ಹಿರಿಯಾಕೆ ಬರೆದಳು: ತಡವಾಯಿತು, ಕ್ಷಮಿಸು. ನೀನು ಕೇಳಿದ್ದು ಒಳ್ಳೆಯದೇ ಆಯಿತು, ನಮ್ಮ ಪುಟದಲ್ಲೇ ಒಂದು ಪದ ತಪ್ಪಿದೆ. ನೀನೇ ತಿದ್ದುತ್ತೀಯಾ?

ಸೆಕೆಂಡು ಎಣಿಸುವ ಈ ಮಹಾರಾಯ್ತಿ ಯಾವುದನ್ನು ಆರಿಸಿದಳು ಅಂತೀರಿ? ಹತ್ತೊಂಬತ್ತು ತಾಸಿನದನ್ನು! ನನಗೆ ತಲೆ ಕೆಟ್ಟಿತು. ಊಟಕ್ಕೆ ಐದು ನಿಮಿಷ ತಡ ಮಾಡಿದ ನನ್ನ ಹೆಸರು ನೋಟ್‌ಬುಕ್ಕಿನಲ್ಲಿ, ಹತ್ತೊಂಬತ್ತು ತಾಸು ತಡ ಮಾಡಿದವರ ಜೊತೆ ಸಂಬಂಧವೆ?

“ಅಕಿ ತಡಾ ಆತು ಅಂತ ತಾನ ಹೇಳಿದ್ಲು, ಮಾಮಾ” ಎಂದಳು. “ನಮ್ಮ ಕಡೆ ತಡಾ ಮಾಡಿದವ್ರು ಒಬ್ರರ ಒಪ್ಗೊಂಡಾರೇನ್ರಿ?” ಈ ಮಾತು ನನಗೆ ಹೇಳಿದ್ದೋ ಇಲಕಲ್ಲಿನ ಸ್ಟ್ಯಾಂಡಿಗೆ ಹೇಳಿದ್ದೋ, ನನಗೆ ಗೊತ್ತಾಗಲಿಲ್ಲ.

ಆ ಒಂದು ಪದವನ್ನು ತಿದ್ದಿ ಕಳಿಸಿದಳು, ಅವರು ಒಪ್ಪಿಕೊಂಡರು. ನನ್ನ ಹೆಂಡತಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಒಂದು ಪದಕ್ಕೆ! ಇಪ್ಪತ್ತಾರು ವರ್ಷದಲ್ಲಿ ನಾನು ಕೆಂಪು ಪೆನ್ನಿನಿಂದ ಎಷ್ಟು ಪದ ತಿದ್ದಿರಬಹುದು, ನೀವೇ ಯೋಚಿಸಿ. ಒಮ್ಮೆಯಾದರೂ ಯಾರಾದರೂ ನನ್ನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದ್ದುಂಟೆ?

ಆಮೇಲೆ ಅವಳಿಗೆ ಹೊಸ ಚಟ ಹತ್ತಿತು. ಬೆಳಿಗ್ಗೆ ಐದಕ್ಕೆ ಎದ್ದು ಆ ಸಿಸ್ಟಮ್ ನಡೆಯುವ, ರೊಟ್ಟಿಯ ತುಣುಕಿನಷ್ಟಿರುವ ಒಂದು ಹಸಿರು ಬೋರ್ಡನ್ನು ಮುಂದಿಟ್ಟುಕೊಂಡು ಕೂರುವುದು. ಅದರ ಮೇಲೊಂದು ಸಣ್ಣ ದೀಪ, ಅದು ಮಿನುಗುವುದನ್ನು ನೋಡುತ್ತಾ ಕೂರುವುದು. ಆ ಪ್ರಾಜೆಕ್ಟಿನ ಹಿರಿಯಾಕೆಗೆ ನನ್ನ ಹೆಂಡತಿ ‘ಗೌಡತಿ’ ಎಂದು ಹೆಸರಿಟ್ಟಿದ್ದಳು. ಮುಂದಿನ ಆರು ತಿಂಗಳು ಒಬ್ಬ ಹೊಸಬರನ್ನು ತನ್ನ ಕೈಕೆಳಗೆ ಇಟ್ಟುಕೊಂಡು ಕಲಿಸುತ್ತೇನೆ ಎಂದು ಗೌಡತಿ ಹೇಳಿದ್ದಳು. ಒಬ್ಬರಿಗೇ ಜಾಗ. ಹುಡುಗಿಗೆ ಅದು ಬೇಕಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಊಟದಲ್ಲಿ ಮೊಸರನ್ನವನ್ನೇ ಎರಡು ಸಲ ಕಲಸುತ್ತಿದ್ದಳು, ಅದರಿಂದ ನಮಗೆ ತಿಳಿಯಿತು.

ಅಷ್ಟರಲ್ಲಿ ಆಗಬಾರದ್ದು ಆಯಿತು. ಇವಳ ಬಳಿ ಇರುವಂಥ ಬೋರ್ಡಿನಲ್ಲೇ ದೀಪ ಹೊತ್ತಿಕೊಳ್ಳುವುದು ಕೂದಲೆಳೆಯಷ್ಟು ತಡವಾಗುತ್ತಿದೆ, ಇದನ್ನು ಯಾರು ಸರಿಮಾಡುತ್ತೀರಿ ಎಂದು ಗೌಡತಿ ಎಲ್ಲರಿಗೂ ಬರೆದಳು. ತಡವನ್ನು ಸರಿಮಾಡುವ ಕೆಲಸ! ಹುಡುಗಿ ಕುರ್ಚಿಯಿಂದ ಎದ್ದೇ ಬಿಟ್ಟಳು. ಎಲ್ಲರಿಗಿಂತ ಮುಂಚೆ ಉತ್ತರ ಒತ್ತಿದಳು. ಒಂದೇ ಪದ.

‘ಡನ್.’

ನಿಮಗೆ ಇದರಲ್ಲಿ ತಪ್ಪು ಕಾಣಲಿಕ್ಕಿಲ್ಲ. ನನಗೂ ಕಾಣಲಿಲ್ಲ. ಅವ್ವ ಅಡುಗೆಮನೆಯಿಂದ ‘ನೀರ್ ತಗೊಂಡ್ ಬಾ’ ಅಂದರೆ ನಾವು ಕೂತಲ್ಲಿಂದಲೇ ‘ತಂದ್ನಿ’ ಅನ್ನುವುದಿಲ್ಲವೆ? ಇವಳ ‘ಡನ್’ ಅದೇ ತಂದ್ನಿ. ಇಡೀ ಇಲಕಲ್ಲನ್ನು, ಹೆತ್ತ ಅಪ್ಪನನ್ನು, ಅನ್ನ ಹಾಕುವ ಮಾಮಾನನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಹುಡುಗಿ, ತನಗೆ ತೀರಾ ಸಂತೋಷವಾದ ಗಳಿಗೆಯಲ್ಲಿ ಅಪ್ಪಟ ಅಪ್ಪನ ಮಗಳಾಗಿ ಭೂತಕಾಲ ಹೇಳಿಬಿಟ್ಟಳು!

ಗೌಡತಿಗೆ ನಮ್ಮ ವ್ಯಾಕರಣ ಏನು ಗೊತ್ತು? ಆಗಿದೆ ಅಂದರೆ ಆಗಿದೆ. ಎಲ್ಲರ ಎದುರು ಇವಳಿಗೆ ಧನ್ಯವಾದ ಹೇಳಿ ಆ ತಪ್ಪನ್ನು ಪಟ್ಟಿಯಿಂದ ತೆಗೆದುಹಾಕಿದಳು. ಬೇರೊಬ್ಬರು ಅದನ್ನು ನಂಬಿ ತಮ್ಮ ಕೆಲಸ ಮುಂದುವರಿಸಿದರು. ಮೂರನೆಯ ದಿನ ಎಲ್ಲರೂ ಹುಡುಕಲು ಶುರುಮಾಡಿದರು. ಸರಿ ಮಾಡಿದ್ದು ಎಲ್ಲಿದೆ? ಎಲ್ಲೂ ಇಲ್ಲ. ಗೌಡತಿ ಒಂದೇ ಸಾಲು ಬರೆದಳು: ನೀನು ಆಗಿದೆ ಎಂದಿದ್ದೆ.

ಅವತ್ತು ಹುಡುಗಿ ಊಟಕ್ಕೆ ಬರಲಿಲ್ಲ. ನಾನು ಮೇಲೆ ಹೋಗಿ ನೋಡಿದೆ. ನೋಟ್‌ಬುಕ್ ತೆರೆದಿಟ್ಟುಕೊಂಡು ಕೂತಿದ್ದಳು. ಹೊಸ ಪುಟದ ತಲೆಯ ಮೇಲೆ ತನ್ನದೇ ಹೆಸರು ಬರೆದುಕೊಂಡಿದ್ದಳು.

“ನನ್ನ ಸುಳ್ಳಬುರುಕಿ ಅಂತ ತಿಳಿದಾರ, ಮಾಮಾ” ಎಂದಳು. ಕಣ್ಣು ಕೆಂಪಾಗಿದ್ದವು.

ನನಗೆ ಸಂಕಟವಾಯಿತು. ಕಂಪ್ಯೂಟರಿನ ವಿಷಯದಲ್ಲಿ ನಾನು ಶೂನ್ಯ. ಆದರೆ ಇದು ಕಂಪ್ಯೂಟರಿನ ತಪ್ಪಲ್ಲ, ಕ್ರಿಯಾಪದದ ತಪ್ಪು. ಕೊನೆಗೂ ನನ್ನ ವಿಷಯ ಬಂದಿತ್ತು! “ಇದ್ದದ್ದನ್ನ ಇದ್ದಂಗ ಬರಿ” ಎಂದೆ. “ನಮ್ಮ ಭಾಷಾದಾಗ ಊಟಕ್ಕ ಕರದ್ರ ಬಂದೆ ಅಂತೇವಿ, ಆಮ್ಯಾಲೆ ಏಳತೇವಿ ಅಂತ ಬರಿ. ತಡಾ ಮಾಡಿದವ್ರು ಒಪ್ಗೋಬೇಕು ಅಂತ ನೀನ ಹೇಳಿದ್ದಿ.” ಇಬ್ಬರೂ ಕೂತು ಬರೆದೆವು. ಭೂತಕಾಲ ಭವಿಷ್ಯದ ಅರ್ಥ ಕೊಡುವುದರ ಬಗ್ಗೆ ನಾನು ಎರಡು ಪುಟ ಹೇಳಿದೆ, ಅವಳು ಎರಡು ಸಾಲಿಗೆ ಇಳಿಸಿದಳು.

ಮರುದಿನ ಉತ್ತರ ಬಂತು. ಗೌಡತಿಗೆ ನಗು ಬಂದಿತ್ತೋ ಸಿಟ್ಟು ಬಂದಿತ್ತೋ ಅದರಲ್ಲಿ ತಿಳಿಯುವಂತಿರಲಿಲ್ಲ. ‘ಹಾಗಾದರೆ ನೀನು ಊಟಕ್ಕೆ ಏಳುವುದು ಯಾವಾಗ?’ ಎಂದು ಕೇಳಿದ್ದಳು. ಮುಂದಿನ ಭಾನುವಾರ ನಮ್ಮ ಹೊತ್ತಿನ ಪ್ರಕಾರ ಸಂಜೆ ನಾಲ್ಕಕ್ಕೆ ಎಲ್ಲ ಹೊಸಬರೂ ಕಂಪ್ಯೂಟರಿನಲ್ಲಿ ಕೂಡುತ್ತಾರೆ, ಆಗ ನಿನ್ನ ಬೋರ್ಡಿನ ಮೇಲೆ ಅದನ್ನು ಸರಿಯಾಗಿ ನಡೆಸಿ ತೋರಿಸು, ಯಾರನ್ನು ತೆಗೆದುಕೊಳ್ಳುವುದು ಎಂದು ಅಲ್ಲೇ ಹೇಳುತ್ತೇನೆ ಎಂದಿದ್ದಳು. ನಾಲ್ಕು ಅಂದರೆ ನಾಲ್ಕು ಎಂದು ಬೇರೆ ಬರೆದಿದ್ದಳು. ಶುಕ್ರವಾರ ಬೆಳಗಿನೊಳಗೆ ಹುಡುಗಿ ಅದನ್ನು ಸರಿಮಾಡಿ ಮುಗಿಸಿದಳು. ಈ ಸಲದ ಮುಗಿಸಿದಳು ಅಪ್ಪಟ ಭೂತಕಾಲ, ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ಅದೇ ಭಾನುವಾರ ಇಲಕಲ್ಲಿನಲ್ಲಿ ನಮ್ಮ ಅಕ್ಕನ ಹಿರಿಯ ಸೊಸೆಯ ಕುಬಸ, ಅಂದರೆ ಸೀಮಂತ. ಹೋಗದೆ ಇರುವ ಹಾಗಿಲ್ಲ. ಹುಡುಗಿ ಹೊತ್ತು ಹಾಕಿದಳು. ಹತ್ತಕ್ಕೆ ಕುಬಸ, ಹನ್ನೊಂದಕ್ಕೆ ಊಟ, ಹನ್ನೊಂದೂವರೆಗೆ ಬಸ್ಸು, ಒಂದೂವರೆಗೆ ವಿದ್ಯಾಗಿರಿ. ಎಣ್ಣೆ ಅರಿಶಿನದ ಕೈಗಳ ನಡುವೆ ಬೇಡವೆಂದು ಬೋರ್ಡನ್ನು ನಮ್ಮ ಮನೆಯ ಮೇಲಿನ ಖೋಲಿಯಲ್ಲೇ ಬಿಟ್ಟು ಬಂದಳು. ಹತ್ತಕ್ಕೆ ನಾವೆಲ್ಲ ಕೂತೆವು. ಉಡಿ ತುಂಬಬೇಕಾದ ಹಿರಿಯ ಮುತ್ತೈದೆ ಹುನಗುಂದದಿಂದ ಬರಬೇಕಾಗಿತ್ತು. ಫೋನ್ ಮಾಡಿದರೆ ಏನೆಂದಳು, ನಾನು ಹೇಳಬೇಕೆ?

‘ಬಂದ್ನಿ!’

ಕುಬಸ ಮುಗಿದಾಗ ಒಂದು ಮುಕ್ಕಾಲು. ಹುಡುಗಿ ಊಟ ಬಿಟ್ಟು ಸ್ಟ್ಯಾಂಡಿಗೆ ಓಡಿದಳು. ಹೆಂಡತಿಯನ್ನು ಅಲ್ಲೇ ಬಿಟ್ಟು ನಾನು ಹಿಂದೆ ಓಡಿದೆ. ಬಸ್ಸು ಹೋಗಿತ್ತು, ಮುಂದಿನದು ಮೂರಕ್ಕೆ. ಇದ್ದದ್ದು ಒಂದೇ ಗಾಡಿ. ಅದರ ಬಾಗಿಲಿಗೆ ಆತು ನಿಂತು ನಮ್ಮ ಭಾವ ಕೂಗುತ್ತಿದ್ದ. ಕುಬಸ ಮುಗಿಯುವುದನ್ನು ಕಾಯದೆ ಉಂಡು ಆಗಲೇ ಕೆಲಸಕ್ಕೆ ಬಂದಿದ್ದ.

“ಹೊಂಟಿತ್ರೀ ಬಾಗಲಕೋಟಿ! ಹೊಂಟಿತು, ಹೊಂಟಿತು!”

ಒಳಗೆ ಮೂರು ಮಂದಿ ಕೂತಿದ್ದರು. ಹುನಗುಂದದ ಟೇಲರ್ ಚಾಚಾ ತನ್ನ ಅರಿವೆಯ ಗಂಟನ್ನು ಸೀಟಿನ ಮೇಲಿಟ್ಟು ಎದುರಿನ ಅಂಗಡಿಯಲ್ಲಿ ಎರಡನೆಯ ಚಹಾ ಹೇಳಿದ್ದ. ಹುಡುಗಿ ಮುಂದಿನ ಸೀಟಿನಲ್ಲಿ ಹೋಗಿ ಕೂತಳು, ನಾನೂ ಹತ್ತಿದೆ. ಅವಳ ಮುಖ ಏಳನೆಯ ಇಯತ್ತೆಯ ಹುಡುಗಿಯದಾಗಿತ್ತು. ಭಾವ ಕೂಗುವುದನ್ನು ನಿಲ್ಲಿಸಿದ. ಕಿಟಕಿಯ ಹತ್ತಿರ ಬಂದ.

“ಎಷ್ಟಕ್ಕ ಮುಟ್ಟಬೇಕವ್ವಾ?”

“ನಾಕಕ್ಕ.”

ಭಾವ ಅತ್ತ ಇತ್ತ ನೋಡಲಿಲ್ಲ. ಹತ್ತಿ ಕೂತ, ಚಾವಿ ತಿರುವಿದ. ಜೀಪು ಹೊರಟಿತು. ಖರೆಯಾಗಿ ಹೊರಟಿತು! ಒಳಗಿದ್ದ ಮೂವರೂ ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಏನಾತ್ರಿ? ಯಾರರ ಸತ್ತಾರೇನು?” ಎಂದು ಒಬ್ಬರು ಕೇಳಿದರು. ಹಿಂದಿನಿಂದ ಟೇಲರ್ ಚಾಚಾ ಚಹಾದ ಕಪ್ಪು ಹಿಡಿದುಕೊಂಡೇ ಓಡಿ ಬರುತ್ತಿದ್ದ. ಊರು ದಾಟುವುದರೊಳಗೆ ಅವನ ಫೋನು ಬಂತು. ಭಾವ ಗಾಡಿ ಓಡಿಸುತ್ತಿದ್ದನಲ್ಲ, ನಾನೇ ಎತ್ತಿದೆ.

“ನನ್ನ ಗಂಟು ಗಾಡ್ಯಾಗೈತ್ರಿ ಸರ! ಸಾಲಿ ಹುಡುಗರ ಯೂನಿಫಾರ್ಮ್ ಅರಿವಿ!”

“ಹೊಂಟಿತು ಹೊಂಟಿತು ಅಂತ ಕೂಗಾಕತ್ತಿದ್ರಲ್ಲ, ಚಾಚಾ?”

“ಇಪ್ಪತ್ತ ವರ್ಷಾತು ಕೇಳಾಕತ್ತು. ಒಮ್ಮೆರ ಹೊಂಟಿತ್ತೇನ್ರಿ? ಇವತ್ತ ಯಾಕ ನಂಬಲಿ ನಾ?”

ಹುನಗುಂದದಲ್ಲಿ ಇಬ್ಬರನ್ನು ಇಳಿಸಿದೆವು. ಅಲ್ಲಿಂದ ಮುಂದೆ ಕೈ ಮಾಡಿದ ಕಡೆ ಎಲ್ಲೂ ನಿಲ್ಲಲಿಲ್ಲ. ಕಮತಗಿಯ ಹತ್ತಿರ ಆರೇಳು ಮಂದಿ ರಸ್ತೆಯ ನಡುವೆಯೇ ನಿಂತು ಕೈ ಬೀಸಿದರು. ಇಡೀ ಜೀಪು ತುಂಬುವಷ್ಟು ಸೀಟು! ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

“ಸರೀರಿ, ಸರೀರಿ! ಇವತ್ತ ಖರೇನ ಹೊಂಟೈತಿ!”

ಹುಡುಗಿ ದಾರಿಯುದ್ದಕ್ಕೂ ಗಡಿಯಾರ ನೋಡಲಿಲ್ಲ. ಅಪ್ಪನ ಕೈಗಳನ್ನು ನೋಡುತ್ತಿದ್ದಳು. ವಿದ್ಯಾಗಿರಿಯ ನಮ್ಮ ಮನೆಯ ಮುಂದೆ ಇಳಿದಾಗ ಮೂರು ನಲವತ್ತು. ಉಳಿದಿದ್ದ ಒಬ್ಬ ಪ್ರಯಾಣಿಕರು ಕೈ ಮುಗಿದು ಇಳಿದು ಹೋದರು, ಬದುಕಿದೆ ಅನ್ನುವ ಹಾಗೆ. ಹುಡುಗಿ ಮೆಟ್ಟಿಲು ಹತ್ತುವಾಗ ತಿರುಗಿ ನೋಡಿದಳು.

“ನಾ ಹೊಂಟ್ನಿ, ಯವ್ವಾ” ಎಂದ ಭಾವ. “ಚಾಚಾನ ಗಂಟ ಮುಟ್ಟಸಬೇಕು.”

ನಾಲ್ಕಕ್ಕೆ ಸರಿಯಾಗಿ ಶುರುವಾಯಿತು. ನಾನು ಕೆಳಗೆ ಕೂತು ಪೇಪರ್ ಓದಿದೆ. ಅದೇ ಪುಟವನ್ನು ಎಷ್ಟು ಸಲ ಓದಿದೆನೋ. ಮೇಲಿನಿಂದ ಇಂಗ್ಲಿಷಿನ ಮಾತು ಕೇಳುತ್ತಿತ್ತು, ನಡುನಡುವೆ ಸುಮ್ಮನಾಗುತ್ತಿತ್ತು. ಆರು ಹೊಡೆದ ಮೇಲೆ ಹುಡುಗಿ ಇಳಿದು ಬಂದಳು. ದೀಪ ಹೊತ್ತಿಗೆ ಸರಿಯಾಗಿ ಹೊತ್ತಿಕೊಂಡಿತಂತೆ. ಎಲ್ಲರೂ ಮುಗಿಸಿದ ಮೇಲೆ ಗೌಡತಿ ಇವಳ ಹೆಸರು ಹೇಳಿದಳಂತೆ. “ಹಾಗಾದರೆ ಬರುತ್ತೀಯಾ?” ಎಂದು ಕೇಳಿದಳಂತೆ.

“ಏನಂದಿ?” ಎಂದೆ ಹೆದರಿಕೊಂಡು.

“ಬರ್ತೇನಿ ಅಂದೆ, ಮಾಮಾ. ಬಂದೆ ಅನ್ನಲಿಲ್ಲ.”

ಇಬ್ಬರೂ ಗಟ್ಟಿಯಾಗಿ ನಕ್ಕೆವು. “ನಿಮ್ಮಪ್ಪಗ ಫೋನ್ ಹಚ್ಚು” ಎಂದೆ. “ಈಗ ಇಲಕಲ್ ಮುಟ್ಟಿರತಾನ.” ಅವಳು ಫೋನ್ ಹಚ್ಚಿದಳು. ಗಂಟೆಯ ಸದ್ದು ನಮ್ಮ ಗೇಟಿನ ಹೊರಗಿನಿಂದ ಕೇಳಿಸಿತು.

ಹೋಗಿ ನೋಡಿದರೆ ಬೇವಿನ ಗಿಡದ ಕೆಳಗೆ ಜೀಪು ನಿಂತಿತ್ತು. ಭಾವ ಸ್ಟೇರಿಂಗಿನ ಮೇಲೆ ಕೈ ಇಟ್ಟು ಕೂತಿದ್ದ. ಚಾಚಾನ ಗಂಟು ಪಕ್ಕದ ಸೀಟಿನಲ್ಲಿ ಇದ್ದ ಹಾಗೇ ಇತ್ತು. ಎದುರಿನ ಪಾನ್ ಅಂಗಡಿಯವನು ನನಗೆ ಆಮೇಲೆ ಹೇಳಿದ, “ಎರಡ ಸಲ ಗಾಡಿ ಪೂರಾ ತುಂಬಿತ್ರಿ ಸರ. ಎಲ್ಲಾರ್ನೂ ಇಳಿಸಿ ಬ್ಯಾರೆ ಗಾಡಿಗೆ ಕಳಿಸಿದ್ರು. ಆ ಟೇಲರ್ ನಾಕ ಸಲ ಫೋನ್ ಮಾಡಿದ್ರು. ಪ್ರತಿ ಸಲಾನೂ ಹೊಂಟ್ನಿ ಚಾಚಾ, ಹೊಂಟ್ನಿ ಅನ್ನಾಕತ್ತಿದ್ರು.”

ಹುಡುಗಿ ಕಿಟಕಿಯ ಹತ್ತಿರ ಹೋದಳು. “ಹೊಂಟ್ನಿ ಅಂದಿದ್ದಿಯಲ್ಲ, ಅಪ್ಪಾ?”

“ಹೊಂಟ್ನೆವ್ವಾ” ಎಂದ ಭಾವ. “ಒಂದ ಸೀಟ ಬರೂದಿತ್ತು.” ಆಮೇಲೆ ಅವಳ ಮುಖ ನೋಡಿದ. ಅವಳು ಹೂಂ ಎಂದು ತಲೆ ಆಡಿಸಿದಳು. ಅವನು ತನ್ನ ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.

ಜೀಪು ಹೋದ ಮೇಲೆ ಅವಳು ಮೇಲಿನಿಂದ ನೋಟ್‌ಬುಕ್ ತಂದು ಮೆಟ್ಟಿಲ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತು ನೋಡಿದೆ. ‘ಅಪ್ಪ: ಹೊಂಟ್ನಿ ಅಂದದ್ದು: ಮೂರು ನಲವತ್ತು. ಹೊಂಟದ್ದು: ಆರು ಇಪ್ಪತ್ತು.’ ಅಷ್ಟು ಬರೆದು ಪೆನ್ನು ಮುಚ್ಚಿದಳು. ಮೂರನೆಯ ಕಾಲಂ ಖಾಲಿ ಇತ್ತು.

“ಎರಡ ತಾಸು ನಲವತ್ತ ನಿಮಿಷ” ಎಂದೆ ನಾನು. “ಅದನ್ಯಾಕ ಬರೀಲಿಲ್ಲ?”

“ಇದಕ್ಕ ತಡಾ ಅನ್ನಂಗಿಲ್ಲ, ಮಾಮಾ” ಎಂದಳು.